ಮಂಡ್ಯ ಸೀಮೆಗೆ ಬಂದ ಎರಡು ವಲಸೆಗಳು

ಮಂಡ್ಯದ ಬಳಿಯ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕ್ಷೇತ್ರವು 1931ರಲ್ಲಿ, ಕಾವೇರಿಯ ನೀರು ಇರ್ವಿನ್ ನಾಲೆಯಲ್ಲಿ ಹರಿದುಬಂದು ಈ ಸೀಮೆಯ ಬೆದ್ದಲು ಭೂಮಿಯನ್ನು ಗದ್ದೆಯನ್ನಾಗಿ ಮಾಡಲಿದ್ದ ಕಾಲದಲ್ಲಿ, ಸ್ಥಾಪಿತವಾಯಿತು. ಕೆರೆಗಳ ಕೆಳಗಿನ ಅಲ್ಪಸ್ವಲ್ಪ ಗದ್ದೆಗಳನ್ನುಳಿದು ರಾಗಿ ಹುರುಳಿಗಳನ್ನೇ ನೆಚ್ಚಿಕೊಂಡಿದ್ದ ರೈತನಿಗೆ ನೀರಾವರಿಯ ಬೇಸಾಯವನ್ನು ಕಲಿಸುವುದು ಅದರ ಉದ್ದೇಶವಾಗಿದ್ದಿತು. ಅದನ್ನು ಕಟ್ಟಿದ ಡಾ. ಲೆಸ್ಲಿ ಕೋಲ್ಮನ್ನರು ಕೆನಡಾ ದೇಶದಲ್ಲಿ ಹುಟ್ಟಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ಈ ಸೀಮೆಯ ಗದ್ದೆಗಳಲ್ಲಿ ಬಹುಕಾಲ ಬೆಳೆದ ಸಿಒ 419 ಎಂಬ ಕಬ್ಬು ಕೊಯಮತ್ತೂರಿನ ತಳಿ. ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿ ದುಡಿದು ರೈತರ ಕೈಗೆ ಕೊಟ್ಟ ಇಂಡಾಫ್ ರಾಗಿಗಳಲ್ಲಿ ಆಫ್ರಿಕಾ ಖಂಡದ ರಾಗಿಯ ವಂಶವಿದೆ. ಹೀಗೆ ಹೊರಗಿನಿಂದ ಬಂದ ಬೀಜಕ್ಕೂ ವಿದ್ಯೆಗೂ ಈ ನೆಲವು ಉದಾರವಾಗಿ ಎಡೆಗೊಟ್ಟಿದೆ. ಆದರೆ ಹೊರಗಿನಿಂದ ಬಂದ ಮನುಷ್ಯರಿಗೆ ಅದು ಎಡೆಗೊಟ್ಟ ಬಗೆ ಒಂದೇ ತೆರನಾಗಿರಲಿಲ್ಲ. ಒಂದೇ ಭಾಷೆಯನ್ನಾಡುತ್ತ, ಪೂರ್ವ ದಿಕ್ಕಿನಿಂದಲೇ, ಸುಮಾರು ನಾಲ್ಕು ಶತಮಾನಗಳ ಅಂತರದಲ್ಲಿ ಬಂದ ಎರಡು ಸಮುದಾಯಗಳ ಚರಿತ್ರೆಯನ್ನು ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡಿದವರಿಗೆ ಈ ಮಾತಿನ ಸತ್ಯವು ತಿಳಿಯುವುದು.

ಮೊದಲನೆಯದು ಮಂಡ್ಯಂ ಅಯ್ಯಂಗಾರರದು. 1516ರಲ್ಲಿ ವಿಜಯನಗರದ ಕೃಷ್ಣದೇವರಾಯನು ತಿರುಪತಿಯ ಶ್ರೀವೈಷ್ಣವ ಆಚಾರ್ಯಪರಂಪರೆಗೆ ಸೇರಿದ ಗೋವಿಂದರಾಜರೆಂಬ ವಿದ್ವಾಂಸರಿಗೆ ಮಂಡ್ಯವನ್ನು ಅಗ್ರಹಾರವಾಗಿ ದಾನಮಾಡಿದನೆಂಬುದು ಶಾಸನಸಿದ್ಧವಾದ ವಿಷಯ. ಅವರ ಕುಲದವರೂ ಬಂಧುಗಳೂ ಕ್ರಮೇಣ ಇಲ್ಲಿಗೆ ಬಂದು ನೆಲೆಸಿದರು. ಊರಿನ ಹೆಸರೇ ಅವರ ಪಂಗಡದ ಹೆಸರಾಯಿತು. ರಾಮಾನುಜಾಚಾರ್ಯರ ಶಿಷ್ಯರೂ, ತಿರುಮಲೆಯಲ್ಲಿ ಸ್ವಾಮಿಯ ಪುಷ್ಪಕೈಂಕರ್ಯಕ್ಕಾಗಿ ಹೂದೋಟವನ್ನು ನಿರ್ಮಿಸಿದವರೂ ಆದ ಅನಂತಾಳ್ವಾರರನ್ನು ಈ ಕುಲದವರು ತಮ್ಮ ಮೂಲಪುರುಷರೆಂದು ಭಾವಿಸುತ್ತಾರೆ.

ಆ ಮಹನೀಯರನ್ನು ಕುರಿತು ಪ್ರಚಲಿತವಾಗಿರುವ ಐತಿಹ್ಯವೊಂದನ್ನು ಇಲ್ಲಿ ಸ್ಮರಿಸದೆ ಮುಂದುವರಿಯಲು ನನಗೆ ಮನಸ್ಸು ಬಾರದು. ತೋಟಕ್ಕೆ ನೀರು ಬೇಕಾಗಿ ಅನಂತಾಳ್ವಾರರು ತಾವೇ ಹಾರೆ ಹಿಡಿದು ಕೊಳವನ್ನು ತೋಡತೊಡಗಿದರಂತೆ. ತುಂಬು ಗರ್ಭಿಣಿಯಾದ ಅವರ ಹೆಂಡತಿ ಮಂಕರಿಯಲ್ಲಿ ಮಣ್ಣು ಹೊತ್ತು ದೂರ ಸುರಿದು ಬರುತ್ತಿದ್ದಳಂತೆ. ಆಕೆಯ ಆಯಾಸವನ್ನು ಕಂಡು ಕನಿಕರಗೊಂಡ ಬಾಲಕನೊಬ್ಬನು ಅರ್ಧ ದಾರಿಯಲ್ಲಿ ಮಂಕರಿಯನ್ನು ತಾನು ತೆಗೆದುಕೊಳ್ಳುತ್ತಿದ್ದನು. ಸೇವೆಯ ಫಲವನ್ನು ಪರರಿಗೆ ಹಂಚಲೊಪ್ಪದ ಆಳ್ವಾರರು ಕೋಪದಿಂದ ಹಾರೆಯನ್ನು ಬೀಸಲು, ಅದು ಬಾಲಕನ ಗದ್ದಕ್ಕೆ ತಗುಲಿತು. ಗುಡಿಗೆ ಹೋಗಿ ನೋಡಿದರೆ ಸ್ವಾಮಿಯ ಗದ್ದದಲ್ಲಿ ರಕ್ತವಿದ್ದಿತು. ಇಂದಿಗೂ ಶ್ರೀನಿವಾಸನ ಗದ್ದಕ್ಕೆ ಪಚ್ಚಕರ್ಪೂರವನ್ನು ಇಡುವುದು ಆ ಗಾಯದ ಕುರುಹೆಂದು ಭಕ್ತರು ಹೇಳುತ್ತಾರೆ. ಮಣ್ಣು ತೋಡುವ ಗಂಡ, ಹೊರುವ ಗರ್ಭಿಣಿ ಹೆಂಡತಿ, ನೀರಿಗಾಗಿ ನಡೆದ ಆ ದುಡಿಮೆ: ಈ ಚಿತ್ರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಬಿನ್ನವಿಸುತ್ತೇನೆ.

ವಿಜಯನಗರದ ಕಾಲದಲ್ಲಿ ಅಗ್ರಹಾರದಾನವೆಂದರೆ ಏನೆಂಬುದನ್ನು ತಿಳಿಯದೆ ಈ ಮೊದಲ ವಲಸೆಯ ಸ್ವರೂಪವು ತಿಳಿಯದು. ದಾನಶಾಸನವು ಊರಿನ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳುವುದು. ಪ್ರತಿಗ್ರಹಿಯ ಗೋತ್ರ, ಸೂತ್ರ, ಶಾಖೆಗಳನ್ನೂ ತಂದೆಯ ಹೆಸರನ್ನೂ ಬರೆಯುವುದು. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳೊಡನೆ, ಸೂರ್ಯಚಂದ್ರರಿರುವವರೆಗೆ, ಮಕ್ಕಳು ಮೊಮ್ಮಕ್ಕಳು ಅನುಭವಿಸತಕ್ಕದ್ದೆಂದು ವಿಧಿಸುವುದು. ತಪ್ಪಿ ನಡೆದವರಿಗೆ ಶಾಪವನ್ನೂ ಹಾಕುವುದು. ಊರಿಗೆ ಹೊಸಬನಾಗಿ ಬಂದವನು ಬಂದ ದಿನವೇ ಭೂಸ್ವಾಮಿಯಾದನು. ಉಳುವವರು ಮೊದಲೇ ಅಲ್ಲಿದ್ದರು. ಅವರ ಬೆಳೆಯ ಒಂದು ಭಾಗವು ಅವನ ಕಣಜಕ್ಕೆ ಬಂದು ಬೀಳುತ್ತಿತ್ತು. ಹೊಟ್ಟೆಯ ಚಿಂತೆಯಿಲ್ಲದವನಿಗೆ ಓದುವುದಕ್ಕೆ ವಿರಾಮವು ದೊರೆಯಿತು. ಓದಿನಿಂದ ಅರಮನೆಯ ಬಾಗಿಲು ತೆರೆಯಿತು. ಹೈದರಾಲಿಯ ಕೊನೆಯ ದಿನಗಳಲ್ಲಿ ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಇಂಗ್ಲಿಷರೊಡನೆ ಸಂಧಾನ ನಡೆಸಿ 1782ರ ಒಪ್ಪಂದವನ್ನು ಮಾಡಿಕೊಂಡ ತಿರುಮಲರಾಯ, ನಾರಾಯಣರಾಯ ಸೋದರರು ಈ ಪಂಗಡದವರೇ. ಅದಕ್ಕಾಗಿ ಅವರ ಮನೆತನದವರು ದಾರುಣವಾದ ಕಷ್ಟನಷ್ಟಗಳನ್ನೂ ಅನುಭವಿಸಬೇಕಾಯಿತು. ಮುಂದೆ ಇಂಗ್ಲಿಷ್ ವಿದ್ಯೆ ಬಂದಾಗ ಅದನ್ನು ಕೈವಶಮಾಡಿಕೊಂಡವರಲ್ಲಿಯೂ ಇವರು ಮುಂದಿದ್ದರು. 1893ರಲ್ಲಿ ವಿವೇಕಾನಂದರನ್ನು ಷಿಕಾಗೋವಿಗೆ ಕಳುಹಿಸಲು ಮದರಾಸಿನಲ್ಲಿ ಮನೆಮನೆಗೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳ್, ಸುಬ್ರಹ್ಮಣ್ಯ ಭಾರತಿಯವರು ಬರೆಯುತ್ತಿದ್ದ ‘ಇಂಡಿಯಾ’ ಪತ್ರಿಕೆಯನ್ನು ನಡೆಸಿದ ಮಂಡ್ಯಂ ಸೋದರರು, ದೇಶಭ್ರಷ್ಟನಾಗಿ ಅಲೆದು 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತೀಯ ಕಮ್ಯುನಿಸ್ಟ್ ಪಕ್ಷವನ್ನು ಕಟ್ಟಿದವರಲ್ಲೊಬ್ಬರಾದ ಎಂ.ಪಿ.ಟಿ. ಆಚಾರ್ಯ, ಇವರೆಲ್ಲರ ಹೆಸರಿನ ಹಿಂದೆಯೂ ಮಂಡ್ಯವಿದೆ.

ಎರಡನೆಯ ವಲಸೆಗೆ ಶಾಸನವಿಲ್ಲ. ಕನ್ನಂಬಾಡಿಯ ಅಣೆಕಟ್ಟೆಯ ಕೆಲಸವು 1911ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷಗಳ ಕಾಲ ನಡೆಯಿತು. ಸಹಸ್ರಾರು ಮಂದಿ ಅಲ್ಲಿ ದುಡಿದರು. ಅದರ ಕಡೆಯ ಭಾಗದಲ್ಲಿ, ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದಾಗ, 1,20,000 ಎಕರೆಗೆ ನೀರುಣಿಸುವ ಸಂಕಲ್ಪದಿಂದ ಇರ್ವಿನ್ ನಾಲೆಯನ್ನು, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯನ್ನು, ತೋಡಲಾಯಿತು. ಹುಲಿಕೆರೆಯ ಬಳಿ ಗುಡ್ಡವನ್ನೇ ಕೊರೆದು ಒಂದೂಮುಕ್ಕಾಲು ಮೈಲಿಯ ಸುರಂಗವನ್ನು ನಿರ್ಮಿಸಲಾಯಿತು. ಈ ಮಹಾಕಾರ್ಯಗಳಿಗೆ ಕೈಯಾದವರಲ್ಲಿ ನಾಡಿನ ಒಡ್ಡರಿದ್ದರು, ಸುತ್ತಣ ಹಳ್ಳಿಗಳ ಬಡವರಿದ್ದರು. ಅವರೊಡನೆ ಮದರಾಸು ಪ್ರಾಂತ್ಯದಿಂದ ಮೇಸ್ತ್ರಿಗಳ ಮುಂಗಡ ಹಣವನ್ನು ಪಡೆದು ಗುಂಪುಗುಂಪಾಗಿ ಬಂದ ತಮಿಳರೂ ಇದ್ದರು. ಅವರು ಬಹುಮಟ್ಟಿಗೆ ಸ್ವಂತ ನೆಲವಿಲ್ಲದ ಜಾತಿಗಳಿಗೆ ಸೇರಿದವರು. ಗಂಡ, ಹೆಂಡತಿ, ಬೆಳೆದ ಮಕ್ಕಳು ಕೂಡಿ ದುಡಿಯುವವರು.

ಮಣ್ಣುಕೆಲಸದ ಕೂಲಿಯು ದಿನದ ಲೆಕ್ಕದ್ದಲ್ಲ, ಘನ ಅಡಿಯ ಲೆಕ್ಕದ್ದು. ಗಂಡಸು ಪಿಕಾಸಿಯಿಂದ ನೆಲವನ್ನು ಸಡಿಲಿಸಿ ಗುದ್ದಲಿಯಿಂದ ಮಂಕರಿ ತುಂಬುವನು; ಹೆಂಗಸು ತಲೆಗೆ ಸಿಂಬಿಯಿಟ್ಟು ಅದನ್ನು ಹೊತ್ತು ನಾಲೆಯ ಏರಿಯನ್ನು ಹತ್ತಿ ಸುರಿದು ಮರಳುವಳು; ಗುಂಡಿ ಆಳವಾದಷ್ಟೂ ಏರಿ ಎತ್ತರವಾಗುವುದು, ಆಕೆಯ ದಾರಿ ಎರಡು ಕಡೆಯಿಂದಲೂ ಬೆಳೆಯುವುದು. ತೋಡುತ್ತ ಹೋಗುವಾಗ ಗುಂಡಿಯ ನಡುವೆ ಒಂದೆರಡು ಕಡೆ ಮಣ್ಣಿನ ಕಂಬಗಳನ್ನು ಮುಟ್ಟದೆ ಬಿಡತಕ್ಕದ್ದು. ಅವುಗಳ ನೆತ್ತಿಯ ಮೇಲಿನ ಹುಲ್ಲು ಹಾಗೆಯೇ ಇರತಕ್ಕದ್ದು. ಓವರ್‌ಸೀಯರನು ಬಂದು ಆ ಹುಲ್ಲಿನಿಂದ ಗುಂಡಿಯ ತಳದವರೆಗೆ ಟೇಪು ಹಿಡಿದು ಆಳವನ್ನೂ, ಬಳಿಕ ಉದ್ದಗಲಗಳನ್ನೂ ಅಳತೆ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಬಟವಾಡೆ. ಪುಸ್ತಕದಲ್ಲಿ ನಮೂದಾಗುತ್ತಿದ್ದುದು ಮಣ್ಣಿನ ಪರಿಮಾಣ ಮತ್ತು ಗುತ್ತಿಗೆದಾರನ ಹೆಸರು. ಹಣವು ಗುತ್ತಿಗೆದಾರನಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಆಳಿಗೆ ಇಳಿದುಬರುವ ಹೊತ್ತಿಗೆ ಮುಂಗಡವೂ ಅದರ ಬಡ್ಡಿಯೂ ಮುರಿದುಕೊಳ್ಳಲ್ಪಡುತ್ತಿದ್ದವು. ಕೆಲಸ ಮುಗಿದ ಮೇಲೆ ಅಳತೆಗಾಗಿ ಬಿಟ್ಟ ಆ ಕಂಬಗಳನ್ನೂ ಕಡಿದು ಸಮ ಮಾಡುವುದುಂಟು.

ಒಂದು ಕಡೆ ಗೋತ್ರಸೂತ್ರಗಳೊಡನೆ ಶಾಸನದಲ್ಲಿ ನಿಂತ ಹೆಸರು. ಇನ್ನೊಂದು ಕಡೆ ಘನ ಅಡಿಗಳಲ್ಲಿ ಕರಗಿಹೋದ ಹೆಸರು. ಈ ಎರಡು ಸಮುದಾಯಗಳ ಮುಂದಿನ ಸ್ಥಿತಿಗತಿಗಳ ವ್ಯತ್ಯಾಸಕ್ಕೆ ಮೂಲವು ಇಲ್ಲಿಯೇ ಇದೆಯೆಂದು ನನ್ನ ದೃಢವಾದ ಅಭಿಪ್ರಾಯ. ಶೀಲದಲ್ಲಿಯಾಗಲಿ ಶ್ರಮದಲ್ಲಿಯಾಗಲಿ ಅದನ್ನು ಹುಡುಕುವುದು ವ್ಯರ್ಥ; ಬಂದ ದಿನ ಕೈಯಲ್ಲಿ ಭೂಮಿಯ ಪತ್ರವಿತ್ತೇ ಇಲ್ಲವೇ ಎಂಬುದನ್ನು ಕೇಳಬೇಕು.

ನಾಲೆಯು 1932ರ ಹೊತ್ತಿಗೆ ಪೂರೈಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಗಿ, ಮರುವರ್ಷವೇ ಮಂಡ್ಯದಲ್ಲಿ ಕಬ್ಬು ಅರೆಯತೊಡಗಿತು. ಅಗೆಯುವ ಕೆಲಸ ಮುಗಿದರೂ ಬಂದವರೆಲ್ಲರೂ ಹಿಂದಿರುಗಲಿಲ್ಲ. ಹಿಂದಿರುಗಿ ಹೋಗುವುದಕ್ಕೆ ಅಲ್ಲಿಯೂ ಅವರಿಗೆ ಹೊಲವಿರಲಿಲ್ಲ. ಇಲ್ಲಿ ಗದ್ದೆ ಹದಮಾಡುವುದು, ಕಬ್ಬು ಕಡಿಯುವುದು, ಗಾಡಿಗೆ ಹೇರುವುದು, ಕಾರ್ಖಾನೆಯ ಅಂಗಳದ ಕೂಲಿ, ಆಲೆಮನೆಯ ಕೆಲಸ, ಇವಕ್ಕೆ ಆಳು ಬೇಕಾಗಿದ್ದಿತು. ಕಬ್ಬಿನ ಸೋಗೆಯನ್ನೇ ಹೊದಿಸಿದ ಗುಡಿಸಿಲುಗಳು ಪೇಟೆಯ ಅಂಚಿನಲ್ಲಿ, ನಾಲೆಯ ಬದಿಯಲ್ಲಿ, ಯಾರದೋ ನೆಲದಲ್ಲಿ ಎದ್ದವು. ನೀರು ಬಂದ ಮೊದಲ ವರ್ಷಗಳಲ್ಲಿ ಮಲೇರಿಯಾ ಜ್ವರವು ಈ ಸೀಮೆಯನ್ನು ಬಹಳವಾಗಿ ಪೀಡಿಸಿತು. ನೀರಿನ ಪಕ್ಕದಲ್ಲಿಯೇ ಮಲಗುತ್ತಿದ್ದವರಿಗೆ ಅದರಿಂದ ಪಾರಾಗುವ ಉಪಾಯವಿರಲಿಲ್ಲ.

ನೀರಾವರಿಯಿಂದ ಸಂಪತ್ತು ಹೆಚ್ಚಿತೆಂಬುದು ನಿಜ. ಆ ಸಂಪತ್ತು ಹಳೆಯ ಮೇಲುಕೀಳುಗಳನ್ನು ಅಳಿಸಿತೆಂಬುದು ಮಾತ್ರ ನಿಜವಲ್ಲ. 1950ರ ದಶಕದಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ವಾಸಮಾಡಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್ಸ್ಟೈನರು, ತಾವೂ ವಿಯೆನ್ನಾದಿಂದ ನಿರಾಶ್ರಿತರಾಗಿ ಇಂಗ್ಲೆಂಡಿಗೆ ಹೋದವರು, 1962ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ನಾಲೆಯ ನೀರು ಹರಿದ ಹಳ್ಳಿಯಲ್ಲಿ ಒಕ್ಕಲಿಗನ ಕೈ ಬಲವಾಯಿತು, ಆದರೆ ಒಡೆಯ ಆಳುಗಳ ಪರಂಪರಾಗತ ಸಂಬಂಧವು ಹಾಗೆಯೇ ಉಳಿಯಿತು. ನೀರು ಹತ್ತದೆ ಒಣಗಿ ಉಳಿದ ಹಳ್ಳಿಯವರೇ ಹೊರಗಿನ ನೌಕರಿ ವ್ಯಾಪಾರಗಳಿಗೆ ಕೈಹಾಕಿದುದರಿಂದ ಅಲ್ಲಿಯ ಹಳೆಯ ಕಟ್ಟುಗಳು ಸಡಿಲವಾದವು ಎಂಬುದು ಅವರು ಕಂಡ ಸಂಗತಿ. ಹೀಗೆ ಗಟ್ಟಿಯಾಗಿಯೇ ಉಳಿದ ಸಮಾಜದೊಳಕ್ಕೆ ಕೂಲಿಗೆಂದು ಬಂದ ಪರಸ್ಥಳದವನಿಗೆ ದೊರೆಯಬಹುದಾದುದು ಕಡೆಯ ಮೆಟ್ಟಿಲೊಂದೇ. ಊರಿನ ಆಳಿಗೆ ಸುಗ್ಗಿಯಲ್ಲಿ ಒಡೆಯನ ಕಣದಿಂದ ಸಲ್ಲುವ ಧಾನ್ಯದ ಹಕ್ಕಾದರೂ ಇತ್ತು. ಇವನಿಗೆ ಅದೂ ಇರಲಿಲ್ಲ.

ಈ ಮಾತುಗಳಿಂದ ಅಗ್ರಹಾರದವರ ಮೇಲೆ ದೋಷಾರೋಪಣೆ ಮಾಡುವುದು ನನ್ನ ಉದ್ದೇಶವಲ್ಲ. ಅವರ ಭೂಮಿಯೂ ಸ್ಥಿರವಾಗಿ ನಿಲ್ಲಲಿಲ್ಲ. ಓದಿದವರು ಮೈಸೂರು, ಬೆಂಗಳೂರು, ಮದರಾಸುಗಳನ್ನು ಸೇರಿದರು. ಹಳ್ಳಿಯ ಜಮೀನು ಗೇಣಿಗೆ ಬಿದ್ದಿತು, ಇಲ್ಲವೇ ಮಕ್ಕಳ ವಿದ್ಯೆಗೆ, ಹೆಣ್ಣುಮಕ್ಕಳ ಮದುವೆಗೆ ಕ್ರಯವಾಯಿತು. ತಮಿಳು ಮನೆಮಾತಿನ ಅಯ್ಯಂಗಾರ್ ಕುಟುಂಬದಲ್ಲಿ ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಬ್ರಾಹ್ಮಣರ ಈ ನಗರಾಭಿಮುಖವಾದ ನಡೆಯನ್ನು ಸ್ವಾನುಭವದಿಂದ ಬಲ್ಲವರಾಗಿ ಬರೆದಿದ್ದಾರೆ. 1919ರ ಮಿಲ್ಲರ್ ಸಮಿತಿಯ ವರದಿಯ ತರುವಾಯ ಸರ್ಕಾರಿ ಉದ್ಯೋಗಗಳಲ್ಲಿ ಅವರ ಏಕಸ್ವಾಮ್ಯವು ತಗ್ಗಿತು. ಇನಾಮು ರದ್ದತಿಯ 1954ರ ಕಾಯಿದೆಯೂ, ಉಳುವವನಿಗೆ ಭೂಮಿಯೆಂದ 1974ರ ಭೂಸುಧಾರಣೆಯೂ ಉಳಿದ ಜಮೀನನ್ನು ಕಳಚಿಕೊಂಡವು. ಉಳುವವನಿಗೆ ಅದು ನ್ಯಾಯವೇ ಆಗಿದ್ದಿತೆಂದು ನಾನು ನಂಬುತ್ತೇನೆ. ಆದರೆ ಭೂಮಿ ಹೋಗುವ ಮುನ್ನ ಅದರಿಂದ ಪಡೆಯಬೇಕಾದ ವಿದ್ಯೆಯನ್ನು ಅವರು ಪಡೆದಾಗಿದ್ದಿತು. ಆ 1974ರ ಕಾಯಿದೆಯು ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿಯ ಪತ್ರವನ್ನೂ ಕಾಣದ ದಿನಗೂಲಿಯ ತಮಿಳನ ಗುಡಿಸಿಲಿನ ಮುಂದೆ ಅದು ಹಾದುಹೋಯಿತು.

ಭಾಷೆಯ ವಿಷಯದಲ್ಲಿಯೂ ಇಬ್ಬರ ಪಾಡು ಬೇರೆಯಾಯಿತು. ಅಯ್ಯಂಗಾರರ ಮನೆಯ ತಮಿಳು ಕನ್ನಡದೊಡನೆ ಬೆರೆತು ಬಹಳವಾಗಿ ಬದಲಾಯಿತು. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರು ಮನೆಯಲ್ಲಿ ಆ ಮಾತನ್ನಾಡುತ್ತಲೇ ಕನ್ನಡದ ಶ್ರೇಷ್ಠ ಕವಿಗಳಲ್ಲಿ ಒಬ್ಬರಾದರು. ಅವರನ್ನು ಪರನಾಡಿನವರೆಂದು ಎಣಿಸುವ ಆಲೋಚನೆಯೇ ಯಾವ ಕನ್ನಡಿಗನಿಗೂ ಬಾರದು, ಬರಬಾರದು. ಕೂಲಿಕಾರನ ತಮಿಳು ಮಾತ್ರ ಮೂರನೆಯ ತಲೆಮಾರಿನಲ್ಲಿಯೂ ಅವನನ್ನು ಹೊರಗಿನವನೆಂದು ಗುರುತಿಸುವ ಚಿಹ್ನೆಯಾಗಿ ಉಳಿಯಿತು. ತಮಿಳುನಾಡಿಗೆ ನೀರು ಬಿಡಬೇಕೆಂದ ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶವು 1991ರ ಡಿಸೆಂಬರಿನಲ್ಲಿ ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿಯೂ ಹಳೆಯ ಮೈಸೂರಿನ ಭಾಗಗಳಲ್ಲಿಯೂ ತಮಿಳರ ಮೇಲೆ ಹಿಂಸೆ ನಡೆದು, ಸಹಸ್ರಾರು ಜನರು ಗಡಿ ದಾಟಿ ಓಡಬೇಕಾಯಿತು. ನೀರಿಗಾಗಿ ಕೊರಗಿದ ರೈತನ ಸಂಕಟವು ಸಾಚಾ ಸಂಕಟವೇ. ಆದರೆ ಆ ನೀರು ಹರಿಯುವ ಕಾಲುವೆಯ ಮಣ್ಣನ್ನು ತಲೆಯ ಮೇಲೆ ಹೊತ್ತವರಲ್ಲಿ ತಮಿಳು ಹೆಂಗಸರೂ ಇದ್ದರೆಂಬುದನ್ನು ಆ ದಿನಗಳಲ್ಲಿ ನೆನೆದವರು ವಿರಳ. ಅನಂತಾಳ್ವಾರರ ಪತ್ನಿಯ ಮಂಕರಿಯನ್ನು ಪುರಾಣವು ಕಾಪಾಡಿತು. ಇವರ ಮಂಕರಿಯನ್ನು ಕಾಪಾಡುವ ಕೆಲಸವು ಚರಿತ್ರೆ ಬರೆಯುವವರದು.

ಮಂಡ್ಯ ನಗರದಲ್ಲಿ ತಮಿಳು ಕಾಲೋನಿಯೆಂದೇ ಹೆಸರಾದ ಬಡಾವಣೆಯೊಂದಿದೆ. ಜಿಲ್ಲಾ ಆಸ್ಪತ್ರೆಯ ಮಗ್ಗುಲಲ್ಲಿರುವ ಅದರ ನೆಲವು ಯಾರದೆಂಬ ವ್ಯಾಜ್ಯವು ಬಹು ವರ್ಷಗಳಿಂದ ನಡೆದುಬಂದಿದೆ. ಆಸ್ಪತ್ರೆಯ ವಿಸ್ತರಣೆಗೆ ಸ್ಥಳ ಬೇಕೆಂಬುದೂ, ತಲೆಮಾರುಗಳಿಂದ ಬಾಳಿದ ಜಾಗವನ್ನು ಬಿಟ್ಟು ನಾವೆಲ್ಲಿಗೆ ಹೋಗಬೇಕೆಂಬುದೂ ಅಲ್ಲಿ ಎದುರುಬದುರಾಗಿ ನಿಂತಿವೆ. ಅಲ್ಲಿಯ ಮಕ್ಕಳು ಬೀದಿಯಲ್ಲಿ ಆಡುವುದು ಮಂಡ್ಯದ ಕನ್ನಡವನ್ನು. ಅವರ ತಂದೆತಾಯಿಗಳು ಕೇಳುತ್ತಿರುವುದು ಹಕ್ಕುಪತ್ರವನ್ನು.