ಸೆಲ್ಮಾ ಮತದಾನ ಹಕ್ಕು ಚಳವಳಿ

ಅಮೆರಿಕ ಸಂಯುಕ್ತ ಸಂಸ್ಥಾನದ ಅಲಬಾಮಾ ರಾಜ್ಯದ ಸೆಲ್ಮಾ ಪಟ್ಟಣದಲ್ಲಿ ಆಫ್ರಿಕನ್ ಮೂಲದ ಕಪ್ಪು ಜನ ಮತದಾನದ ಹಕ್ಕಿಗಾಗಿ ನಡೆಸಿದ ದೀರ್ಘ ಹೋರಾಟ. 1965ರ ಮಾರ್ಚ್ 7ರಂದು ಅಲಬಾಮಾ ನದಿಯ ಮೇಲಿನ ಎಡ್ಮಂಡ್ ಪೆಟ್ಟಸ್ ಸೇತುವೆ ದಾಟಿದ ಮೆರವಣಿಗೆಯ ಮೇಲೆ ಪೊಲೀಸರು ನಡೆಸಿದ ದಾಳಿಯಿಂದ ಇದು ಲೋಕಕ್ಕೆಲ್ಲ ಗೊತ್ತಾಯಿತು. ಅದೇ ವರ್ಷ ಬಂದ ಮತದಾನ ಹಕ್ಕುಗಳ ಕಾಯ್ದೆಗೆ ಇದೇ ಪ್ರೇರಣೆ. ಚಳವಳಿಯ ಕಥೆಯನ್ನು ಸಾಮಾನ್ಯವಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರ ಆಗಮನದಿಂದ ಶುರುಮಾಡುತ್ತಾರೆ. ಅದು ಊರಿನವರಿಗೆ ಮಾಡುವ ಅನ್ಯಾಯ. ಕಿಂಗ್ ಬರುವ ಹೊತ್ತಿಗೆ ಅಲ್ಲಿನ ಕೆಲವು ಕುಟುಂಬಗಳು ಈ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ್ದವು.

ಅಂತರ್ಯುದ್ಧದ ನಂತರ, 1870ರಲ್ಲಿ ಬಂದ ಸಂವಿಧಾನದ 15ನೇ ತಿದ್ದುಪಡಿಯ ಪ್ರಕಾರ ಜನಾಂಗದ ಕಾರಣಕ್ಕೆ ಯಾರ ಮತವನ್ನೂ ನಿರಾಕರಿಸುವಂತಿರಲಿಲ್ಲ. ಅಲಬಾಮಾ 1901ರಲ್ಲಿ ಹೊಸ ರಾಜ್ಯ ಸಂವಿಧಾನ ರಚಿಸಿ ಆ ಮಾತನ್ನು ನೆಲಕಚ್ಚಿಸಿತು. ಮತದಾನದ ವಿಧಿಗಳಲ್ಲಿ ಬಣ್ಣದ ಪ್ರಸ್ತಾಪ ಇರಲಿಲ್ಲ. ಬದಲಿಗೆ ಓದುಬರಹದ ಪರೀಕ್ಷೆ, ಆಸ್ತಿಯ ಷರತ್ತು, ವರ್ಷಕ್ಕೆ ಒಂದೂವರೆ ಡಾಲರಿನ ತಲೆಗಂದಾಯ ಇದ್ದವು. ಕಂದಾಯ ಕಟ್ಟದ ವರ್ಷಗಳ ಬಾಕಿ ತಲೆಯ ಮೇಲೆ ಬೆಳೆಯುತ್ತಿತ್ತು. ಸೆಲ್ಮಾ ಸೇರಿದ ಡಲ್ಲಾಸ್ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದಲ್ಲಿ, ನೋಂದಣಿ ಕಚೇರಿಯ ಬಾಗಿಲು ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ದಿನ. ಅರ್ಜಿದಾರನ ಪರವಾಗಿ ಈಗಾಗಲೇ ಪಟ್ಟಿಯಲ್ಲಿರುವ ಮತದಾರನೊಬ್ಬ ಸಾಕ್ಷಿ ಹೇಳಬೇಕಿತ್ತು. ಪರೀಕ್ಷೆಯಲ್ಲಿ ಪಾಸೋ ಫೇಲೋ ಎಂಬುದು ಬಿಳಿಯ ಅಧಿಕಾರಿಗಳ ಮರ್ಜಿ. ಭಾರತ ಅಕ್ಷರ ಬಾರದ ಕೋಟ್ಯಂತರ ಜನರಿಗೂ ಮತ ಕೊಟ್ಟು, 1951–52ರಲ್ಲಿ ಚಿಹ್ನೆ ನೋಡಿ ಮತ ಹಾಕಿಸಿ ಹತ್ತು ವರ್ಷ ಕಳೆದಿತ್ತು. ಆಗಲೂ, 1961ರಲ್ಲಿ, ಡಲ್ಲಾಸ್ ಕೌಂಟಿಯಲ್ಲಿ ಮತದಾನದ ವಯಸ್ಸಿನ ಸುಮಾರು 15,000 ಕಪ್ಪು ಜನರ ಪೈಕಿ ಪಟ್ಟಿಯಲ್ಲಿದ್ದವರು 156 ಮಂದಿ.

ಈ ಗೋಡೆಯನ್ನು ಮೊದಲು ತಟ್ಟಿದ್ದು 1920ರ ದಶಕದಲ್ಲಿ ಹುಟ್ಟಿದ ಡಲ್ಲಾಸ್ ಕೌಂಟಿ ಮತದಾರರ ಸಂಘ. ನಡುವೆ ಮಂಕಾಗಿದ್ದ ಅದಕ್ಕೆ ಮತ್ತೆ ಜೀವ ತುಂಬಿದವರು ಸ್ಯಾಮ್ ಬಾಯ್ಂಟನ್ ಮತ್ತು ಅಮೀಲಿಯಾ ಬಾಯ್ಂಟನ್ ದಂಪತಿ. ಇಬ್ಬರೂ ಕೃಷಿ ಇಲಾಖೆಯ ಕೆಲಸಕ್ಕೆಂದು ಹಳ್ಳಿ ಹಳ್ಳಿ ಸುತ್ತಿದವರು. ಅಮೀಲಿಯಾ ಸೆಲ್ಮಾಕ್ಕೆ ಬಂದದ್ದು 1929ರಲ್ಲಿ. ಬಿಳಿಯ ಜಮೀನ್ದಾರರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದವರಿಗೆ ಸ್ವಂತ ಭೂಮಿ ಕೊಳ್ಳಿ, ಮತದಾರರ ಪಟ್ಟಿಗೆ ಹೆಸರು ಬರೆಸಿ ಎಂದು ಅವರು ಒಟ್ಟೊಟ್ಟಿಗೆ ಹೇಳುತ್ತಿದ್ದರು. ಒಡೆಯನ ಜಮೀನಿನಲ್ಲಿ ವಾಸಿಸುವವನು ಒಡೆಯನ ಇಷ್ಟಕ್ಕೆ ವಿರುದ್ಧವಾಗಿ ಕಚೇರಿಯ ಮೆಟ್ಟಿಲು ಹತ್ತಲಾರ ಎಂಬುದು ಅವರಿಗೆ ಗೊತ್ತಿತ್ತು. ಮುಂದೆ ಅವರು ತೆರೆದ ವಿಮೆ ಕಚೇರಿಯೇ ಚಳವಳಿಯ ಠಾಣ್ಯವಾಯಿತು. ದಂತವೈದ್ಯರ ಬಳಿ ಸಹಾಯಕಿಯಾಗಿದ್ದ ಮೇರಿ ಫಾಸ್ಟರ್ ಹಲವು ಸಲ ತಿರಸ್ಕೃತರಾಗಿ ಕೊನೆಗೂ ಪಟ್ಟಿ ಸೇರಿದರು. ಆಮೇಲೆ ಉಳಿದವರನ್ನು ಪರೀಕ್ಷೆಗೆ ಅಣಿಗೊಳಿಸುವ ಸಂಜೆ ತರಗತಿ ನಡೆಸಿದರು. ಮೊದಲ ತರಗತಿಗೆ ಬಂದವನು ಒಬ್ಬನೇ ಮುದುಕ. ಆತನಿಗೆ ಅವರು ತನ್ನ ಹೆಸರು ಬರೆಯಲು ಕಲಿಸಿದರು.

ಸೆಲ್ಮಾದಲ್ಲಿ ಮತದ ಪ್ರಶ್ನೆಯೂ ಪೊಲೀಸರ ಪ್ರಶ್ನೆಯೂ ಒಂದೇ ಆಗಿದ್ದವು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮಲ್ಲಿ ಪೊಲೀಸ್ ಅಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ. ಅಲ್ಲಿ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಚುನಾವಣೆಯಲ್ಲಿ ಗೆದ್ದು ಬರುತ್ತಾನೆ. ಡಲ್ಲಾಸ್ ಕೌಂಟಿಯ ಶೆರಿಫ್ ಜಿಮ್ ಕ್ಲಾರ್ಕ್ ಯಾರ ಬೆನ್ನಿನ ಮೇಲೆ ಲಾಠಿ ಬೀಸುತ್ತಿದ್ದನೋ ಅವರ ಮತ ಅವನಿಗೆ ಬೇಕಿರಲಿಲ್ಲ, ಅವನನ್ನು ಇಳಿಸಲು ಅವರ ಬಳಿ ಮತವೂ ಇರಲಿಲ್ಲ. ಸಾಮಾನ್ಯ ಬಿಳಿಯರನ್ನೇ ಸೇರಿಸಿಕೊಂಡು ಕುದುರೆ, ದೊಣ್ಣೆ, ದನ ಹೊಡೆಯುವ ವಿದ್ಯುತ್ ಕೋಲುಗಳಿಂದ ಸಜ್ಜಾದ ಖಾಸಾ ಪಡೆಯೊಂದನ್ನು ಅವನು ಕಟ್ಟಿದ್ದ. ‘ನೆವರ್’, ಅಂದರೆ ‘ಎಂದಿಗೂ ಇಲ್ಲ’, ಎಂದು ಬರೆದ ಬಿಲ್ಲೆ ಅವನ ಎದೆಯ ಮೇಲಿರುತ್ತಿತ್ತು. ಪಟ್ಟಣದ ಪೊಲೀಸರು ವಿಲ್ಸನ್ ಬೇಕರ್ ಎಂಬ ಬೇರೆ ಅಧಿಕಾರಿಯ ಕೈಯಲ್ಲಿದ್ದರು; ನೋಂದಣಿ ನಡೆಯುವ ಕೋರ್ಟ್ ಕಟ್ಟಡ ಮಾತ್ರ ಕ್ಲಾರ್ಕ್‌ನ ಹಿಡಿತದಲ್ಲಿತ್ತು.

1963ರ ಆರಂಭದಲ್ಲಿ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ ಬರ್ನಾರ್ಡ್ ಲಫಾಯೆಟ್ ಮತ್ತು ಕೋಲಿಯಾ ಲಫಾಯೆಟ್ ಊರಿಗೆ ಬಂದರು. ಬರ್ನಾರ್ಡ್ ಅಹಿಂಸೆಯ ಪಾಠ ಕಲಿತದ್ದು, ನಾಗಪುರದಲ್ಲಿ ಕೆಲಸ ಮಾಡಿ ಗಾಂಧಿ ಮಾರ್ಗವನ್ನು ಅಭ್ಯಾಸ ಮಾಡಿದ್ದ ಜೇಮ್ಸ್ ಲಾಸನ್ ಅವರಿಂದ. ಅದೇ ವರ್ಷದ ಮೇ ತಿಂಗಳಲ್ಲಿ ಸ್ಯಾಮ್ ಬಾಯ್ಂಟನ್ ತೀರಿಕೊಂಡಾಗ ಚರ್ಚಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯೇ ಮತದಾನದ ಹಕ್ಕಿಗಾಗಿ ಸೇರಿದ ಮೊದಲ ದೊಡ್ಡ ಸಭೆಯಾಯಿತು. ಅಕ್ಟೋಬರ್ 7ರಂದು ಸುಮಾರು 350 ಜನ ಕೋರ್ಟಿನ ಮುಂದೆ ದಿನವಿಡೀ ಸಾಲುಗಟ್ಟಿ ನಿಂತರು. ಅವರಿಗೆ ನೀರು, ಊಟ ಕೊಡಲು ಹೋದ ಕಾರ್ಯಕರ್ತರನ್ನು ಪೊಲೀಸರು ಹೊಡೆದು ಎಳೆದೊಯ್ದರು. 1964ರ ಜುಲೈನಲ್ಲಿ ನ್ಯಾಯಾಧೀಶ ಜೇಮ್ಸ್ ಹೇರ್, ಚಳವಳಿಯ ಸಂಘಟನೆಗಳ ಹೆಸರಿನಲ್ಲಿ ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರದಂತೆ ತಡೆಯಾಜ್ಞೆ ಹೊರಡಿಸಿದ. ಬಹಿರಂಗ ಸಭೆಗಳು ನಿಂತವು. ಸಂಘದ ಎಂಟು ಮಂದಿಯ ಸಮಿತಿ ಗುಟ್ಟಾಗಿ ಸೇರುತ್ತಲೇ ಇತ್ತು. ಕಿಂಗ್ ಅವರಿಗೆ ಆಹ್ವಾನ ಹೋದದ್ದು ಈ ಸಂಘದಿಂದಲೇ. 1965ರ ಜನವರಿ 2ರಂದು ಅವರು ಬ್ರೌನ್ ಚಾಪೆಲ್ ಚರ್ಚಿನಲ್ಲಿ ಮಾತನಾಡಿ ತಡೆಯಾಜ್ಞೆಯನ್ನು ಮುರಿದರು.

ಆ ಜನವರಿಯ ಘಟನೆಗಳಲ್ಲಿ ಶಿಕ್ಷಕರ ಮೆರವಣಿಗೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಶಿಕ್ಷಕರಿಗೆ ಸಂಬಳ ಕೊಡುತ್ತಿದ್ದುದು ಬಿಳಿಯರ ಶಾಲಾ ಮಂಡಳಿ. ಕಪ್ಪು ಜನರಲ್ಲಿ ಕಳೆದುಕೊಳ್ಳಲು ಏನಾದರೂ ಇದ್ದವರು ಅವರು. ಸಂಘದ ಅಧ್ಯಕ್ಷರೂ ಶಿಕ್ಷಕರೂ ಆಗಿದ್ದ ಎಫ್. ಡಿ. ರೀಸ್ ಅವರ ಮುಂದಾಳತ್ವದಲ್ಲಿ ಜನವರಿ 22ರಂದು ನೂರಕ್ಕೂ ಹೆಚ್ಚು ಮಂದಿ, ಜೈಲಿಗೆ ಹೋಗಬೇಕಾದೀತೆಂದು ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡು, ಕೋರ್ಟಿನ ಮೆಟ್ಟಿಲು ಹತ್ತಿದರು. ಕ್ಲಾರ್ಕ್‌ನ ಕಡೆಯವರು ಅವರನ್ನು ಕೆಳಕ್ಕೆ ನೂಕಿದರು. ಅವರು ಮತ್ತೆ ಹತ್ತಿದರು. ಮೇಷ್ಟ್ರುಗಳೇ ಬೀದಿಗಿಳಿದ ಮೇಲೆ ಊರಿನಲ್ಲಿ ಹಿಂದೆ ಸರಿಯಲು ಯಾರಿಗೂ ನೆಪ ಉಳಿಯಲಿಲ್ಲ.

ಫೆಬ್ರವರಿ 18ರ ರಾತ್ರಿ ನೆರೆಯ ಮೇರಿಯನ್ ಪಟ್ಟಣದಲ್ಲಿ ಬೀದಿದೀಪಗಳು ಆರಿದವು, ರಾಜ್ಯ ಪೊಲೀಸರು ಮೆರವಣಿಗೆಯ ಮೇಲೆ ಬಿದ್ದರು. ತಾಯಿಯನ್ನೂ ಅಜ್ಜನನ್ನೂ ಕಾಪಾಡಲು ಹೋದ 26 ವರ್ಷದ ಜಿಮ್ಮಿ ಲೀ ಜಾಕ್ಸನ್‌ಗೆ ಜೇಮ್ಸ್ ಬೊನಾರ್ಡ್ ಫೌಲರ್ ಎಂಬ ಪೊಲೀಸ್ ಗುಂಡು ಹೊಡೆದ. ಎಂಟು ದಿನಗಳ ನಂತರ ಜಾಕ್ಸನ್ ಸೆಲ್ಮಾದ ಆಸ್ಪತ್ರೆಯಲ್ಲಿ ಸತ್ತ. ರಾಜ್ಯಪಾಲ ಜಾರ್ಜ್ ವ್ಯಾಲೆಸ್‌ನ ಬಾಗಿಲಿಗೇ ಹೋಗಿ ಉತ್ತರ ಕೇಳಬೇಕೆಂದು, ರಾಜಧಾನಿ ಮಾಂಟ್‌ಗಮರಿಯವರೆಗೆ ಕಾಲ್ನಡಿಗೆಯ ಯೋಚನೆ ಹುಟ್ಟಿದ್ದು ಈ ಸಾವಿನಿಂದ. ಮಾರ್ಚ್ 7ರಂದು ಚಳವಳಿಯ ಮುಂದಾಳುಗಳಾದ ಜಾನ್ ಲೂಯಿಸ್ ಮತ್ತು ಹೊಸಿಯಾ ವಿಲಿಯಮ್ಸ್ ಅವರ ಹಿಂದೆ ಸುಮಾರು 600 ಮಂದಿ ಸೇತುವೆ ದಾಟಿದರು. ಚದುರಲು ಎರಡು ನಿಮಿಷ ಕೊಟ್ಟ ಪೊಲೀಸರು ಅದಕ್ಕೂ ಮೊದಲೇ ನುಗ್ಗಿದರು. ಅಶ್ರುವಾಯು, ಲಾಠಿ, ಕುದುರೆಗಳು. ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಅಮೀಲಿಯಾ ಬಾಯ್ಂಟನ್ ಪ್ರಜ್ಞೆ ತಪ್ಪಿ ರಸ್ತೆಯ ಮೇಲೆ ಬಿದ್ದಿದ್ದ ಚಿತ್ರ ಪತ್ರಿಕೆಗಳಲ್ಲಿ ಬಂತು. ಅಂದು ರಾತ್ರಿ ಟಿವಿಯಲ್ಲಿ ನಾಜಿ ವಿಚಾರಣೆಯ ಕುರಿತ ಸಿನಿಮಾ ನಡುವೆ ನಿಲ್ಲಿಸಿ ಸೆಲ್ಮಾದ ದೃಶ್ಯಗಳನ್ನು ತೋರಿಸಿದರು. ಮಾರ್ಚ್ 17ರಂದು ಫೆಡರಲ್ ನ್ಯಾಯಾಧೀಶ ಫ್ರಾಂಕ್ ಜಾನ್ಸನ್, ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟಿಸುವ ಹಕ್ಕೂ ಅಷ್ಟೇ ದೊಡ್ಡದು ಎಂಬ ತತ್ತ್ವದ ಮೇಲೆ ನಡಿಗೆಗೆ ಅನುಮತಿ ಕೊಟ್ಟರು. ಸೇನೆಯ ಕಾವಲಿನಲ್ಲಿ 54 ಮೈಲಿ ನಡೆದ ಜಾಥಾ 25ರಂದು ಮಾಂಟ್‌ಗಮರಿ ತಲುಪಿದಾಗ ಸುಮಾರು 25,000 ಜನ ಸೇರಿದ್ದರು.

ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯ್ದೆ ಓದುಬರಹದ ಪರೀಕ್ಷೆಗಳನ್ನು ಅಮಾನತಿನಲ್ಲಿಟ್ಟಿತು, ಕೇಂದ್ರದ ಅಧಿಕಾರಿಗಳಿಂದಲೇ ಹೆಸರು ಬರೆಸುವ ಏರ್ಪಾಡು ಮಾಡಿತು. ಅದರ 5ನೇ ಕಲಮಿನ ಪ್ರಕಾರ ಅಲಬಾಮಾದಂಥ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕಾಯಿತು. ಕಾಯ್ದೆಯ ಮೊದಲ ಫಲ ಶೆರಿಫ್ ಹುದ್ದೆಯ ಮೇಲೆಯೇ ಕಂಡಿತು. 1966ರ ಮೇ ತಿಂಗಳ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಕ್ಲಾರ್ಕ್‌ಗೆ ಎದುರಾಗಿ ವಿಲ್ಸನ್ ಬೇಕರ್ ನಿಂತ. ಕಪ್ಪು ಜನರ ಆರು ಪೆಟ್ಟಿಗೆಗಳ ಮತಗಳನ್ನು ಲೆಕ್ಕಕ್ಕೆ ಸೇರಿಸದಿರುವ ಪ್ರಯತ್ನ ನಡೆಯಿತು, ಫೆಡರಲ್ ನ್ಯಾಯಾಲಯ ಎಣಿಸುವಂತೆ ಆಜ್ಞೆ ಮಾಡಿತು, ಕ್ಲಾರ್ಕ್ ಸೋತ. ಬೇಕರ್ ಕೂಡ ಚಳವಳಿಗಾರರನ್ನು ಬಂಧಿಸಿದವನೇ. ಆದರೂ ಕೋರ್ಟಿನ ಮೆಟ್ಟಿಲಿನಿಂದ ನೂಕಿಸಿಕೊಂಡ ಜನ ಮತಪತ್ರದಿಂದ ಶೆರಿಫ್‌ನನ್ನು ಕೆಳಗಿಳಿಸಿದ್ದು ಸಣ್ಣ ಮಾತಲ್ಲ.

ನೆರೆಯ ಲೌಂಡ್ಸ್ ಕೌಂಟಿಯ ಕಪ್ಪು ಜನ ತಮ್ಮದೇ ಸ್ವತಂತ್ರ ಪಕ್ಷ ಕಟ್ಟಿ, ಮತಪತ್ರದ ಚಿಹ್ನೆಯಾಗಿ ಕಪ್ಪು ಚಿರತೆಯನ್ನು ಆರಿಸಿಕೊಂಡರು. 1966ರಲ್ಲಿ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಆ ಚಿರತೆಯನ್ನು ತೆಗೆದುಕೊಂಡಿತು. ಅದರ ಹೆಸರಿನಿಂದ ಸ್ಫೂರ್ತಿ ಪಡೆದು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು.

ಮತದಿಂದ ನೇರವಾಗಿ ಇಳಿಸಲಾಗದ ಪೊಲೀಸರ ವಿಷಯದಲ್ಲಿ ನ್ಯಾಯ ತೀರಾ ತಡವಾಯಿತು. ಜಿಮ್ಮಿ ಲೀ ಜಾಕ್ಸನ್‌ಗೆ ಗುಂಡು ಹೊಡೆದಿದ್ದ ಫೌಲರ್ ಮೇಲೆ ಆರೋಪಪಟ್ಟಿ ಬಂದದ್ದು 2007ರಲ್ಲಿ. ಅದಕ್ಕೆ ಮುಂದಾದವರು 2004ರಲ್ಲಿ ಮತದಾರರಿಂದ ಆಯ್ಕೆಯಾದ ಕಪ್ಪು ಜನಾಂಗದ ಸರ್ಕಾರಿ ವಕೀಲ ಮೈಕೇಲ್ ಜಾಕ್ಸನ್. 2010ರಲ್ಲಿ ಫೌಲರ್ ತಪ್ಪೊಪ್ಪಿಕೊಂಡ. 45 ವರ್ಷ ಕಾದ ಕುಟುಂಬಕ್ಕೆ ಸಿಕ್ಕಿದ್ದು ಅವನಿಗೆ ಆರು ತಿಂಗಳ ಸಜೆ. ಇದನ್ನು ನ್ಯಾಯ ಎನ್ನುವುದು ಕಷ್ಟ. ಊರಿನ ಅಧಿಕಾರವೂ ತಡವಾಗಿಯೇ ಬಂತು: ಸೆಲ್ಮಾಕ್ಕೆ ಕಪ್ಪು ಜನಾಂಗದ ಮೊದಲ ಮೇಯರ್, ಜೇಮ್ಸ್ ಪರ್ಕಿನ್ಸ್, ದೊರೆತದ್ದು 2000ದಲ್ಲಿ.

2013ರ ಜೂನ್ 25ರಂದು ಅಮೆರಿಕದ ಸುಪ್ರೀಂ ಕೋರ್ಟ್, ಅಲಬಾಮಾದ್ದೇ ಆದ ಶೆಲ್ಬಿ ಕೌಂಟಿ ಹೂಡಿದ್ದ ಮೊಕದ್ದಮೆಯಲ್ಲಿ, ಯಾವ ರಾಜ್ಯಗಳು ಮುಂಚಿತ ಒಪ್ಪಿಗೆ ಪಡೆಯಬೇಕೆಂದು ಗೊತ್ತುಪಡಿಸುವ ಸೂತ್ರವನ್ನು ರದ್ದುಪಡಿಸಿತು. 5ನೇ ಕಲಮು ಪುಸ್ತಕದಲ್ಲಿ ಉಳಿದರೂ ಕೈಕಾಲು ಕಳೆದುಕೊಂಡಿತು. ಅಮೀಲಿಯಾ ಬಾಯ್ಂಟನ್ 2015ರಲ್ಲಿ, ಜಾನ್ ಲೂಯಿಸ್ 2020ರಲ್ಲಿ ತೀರಿಕೊಂಡರು. ಮುಂಚಿತ ಒಪ್ಪಿಗೆಯ ಆ ಅಧಿಕಾರವನ್ನು ಮರಳಿ ತರಲು ಲೂಯಿಸ್ ಅವರ ಹೆಸರಿನಲ್ಲೇ ಮಂಡಿಸಿದ ಮಸೂದೆಯನ್ನು 2021ರಲ್ಲಿ ಕೆಳಮನೆ ಅಂಗೀಕರಿಸಿತು. ಸೆನೆಟ್‌ನಲ್ಲಿ ಅದು ಬಿದ್ದುಹೋಯಿತು.