ಪರದೆ ಓದಲಾರದ ಅಕ್ಷರ

1834ರಲ್ಲಿ ಬ್ರಿಟಿಷ್ ನೌಕಾಡಳಿತದ ಜಲನಕ್ಷೆ ಕಚೇರಿ ‘ನಾವಿಕರಿಗೆ ಸೂಚನೆಗಳು’ ಎಂಬ ಪ್ರಕಟಣೆಯನ್ನು ಶುರುಮಾಡಿತು. ಒಂದು ಕಡೆ ಹೊಸ ದೀಪಸ್ತಂಭ ಎದ್ದಿದೆ, ಇನ್ನೊಂದು ಕಡೆ ಹಡಗು ಮುಳುಗಿ ದಾರಿಗೆ ಅಡ್ಡ ಬಿದ್ದಿದೆ ಎಂಬಂಥ ಸುದ್ದಿಗಳು. ಮುಂದೆ ಇದು ವಾರವಾರದ ಕೆಲಸವಾಯಿತು. ಹಡಗಿನ ಎರಡನೇ ಅಧಿಕಾರಿ ಸೂಚನೆಯನ್ನು ಓದಿ, ಕೆನ್ನೇರಳೆ ಶಾಯಿಯಲ್ಲಿ ನಕ್ಷೆಯನ್ನು ತಿದ್ದಿ, ಎಡಗಡೆಯ ಕೆಳಮೂಲೆಯಲ್ಲಿ ಸೂಚನೆಯ ವರ್ಷ ಮತ್ತು ಸಂಖ್ಯೆಯನ್ನು ಬರೆದಿಡುತ್ತಿದ್ದ. ಆ ಮೂಲೆ ನೋಡಿದರೆ ಸಾಕು, ನಕ್ಷೆ ಯಾವತ್ತಿನವರೆಗೆ ನಂಬಿಕೆಗೆ ಯೋಗ್ಯ ಎಂಬುದು ಗೊತ್ತಾಗುತ್ತಿತ್ತು. (ಭಾರತದ ಸೂಚನೆಗಳು ಹದಿನೈದು ದಿನಕ್ಕೊಮ್ಮೆ ಹೊರಡುವುದು ಹಿಮಾಲಯದ ತಪ್ಪಲಿನ ಡೆಹ್ರಾಡೂನಿನಿಂದ. ಕಡಲಿನ ಲೆಕ್ಕ ಇಡುವ ರಾಷ್ಟ್ರೀಯ ಜಲನಕ್ಷೆ ಕಚೇರಿ ಇರುವುದು ಅಲ್ಲಿ.)

ಈ ಪದ್ಧತಿಯಲ್ಲಿ ಒಂದು ಅನುಕೂಲವಿತ್ತು, ಆದರೆ ಅದು ಇದ್ದಷ್ಟು ಕಾಲ ಯಾರ ಗಮನಕ್ಕೂ ಬರಲಿಲ್ಲ. ಹೊಸ ಬಗೆಯ ಗುರುತೊಂದು ಚಾಲ್ತಿಗೆ ಬಂದರೆ ಮನುಷ್ಯ ಅದನ್ನು ಕಲಿತುಕೊಳ್ಳುತ್ತಿದ್ದ. ಕಾಗದ ಏನನ್ನೂ ಕಲಿಯಬೇಕಿರಲಿಲ್ಲ.

1995ರಲ್ಲಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ‘ಎಕ್ಡಿಸ್’ ಎಂಬ ವಿದ್ಯುನ್ಮಾನ ನಕ್ಷಾಪರದೆಗೆ ಮಾನದಂಡ ಒಪ್ಪಿತು. 2012ರಿಂದ 2018ರ ನಡುವೆ ಅದು ದೊಡ್ಡ ಹಡಗುಗಳಿಗೆ ಹಂತಹಂತವಾಗಿ ಕಡ್ಡಾಯವಾಯಿತು. ನಕ್ಷೆಯ ತಿದ್ದುಪಡಿ ಸಿ.ಡಿ.ಯಲ್ಲೋ ಉಪಗ್ರಹದ ಮೂಲಕವೋ ಬರತೊಡಗಿತು. ಶಾಯಿಯ ಕೆಲಸ ಮುಗಿಯಿತು ಎಂದುಕೊಂಡವರು ಬಹಳ ಮಂದಿ. ಆದರೆ ಒಂದಾಗಿದ್ದ ಕೆಲಸ ಈಗ ಎರಡಾಗಿತ್ತು. ದತ್ತಾಂಶ ಹೊಸದಾಗಬೇಕು, ಆ ದತ್ತಾಂಶವನ್ನು ಓದಿ ಚಿತ್ರವಾಗಿ ಬಿಡಿಸುವ ಸಾಫ್ಟ್‌ವೇರ್ ಕೂಡ ಹೊಸದಾಗಬೇಕು. ಮೊದಲನೆಯದು ವಾರವಾರ ಬರುತ್ತಿತ್ತು. ಎರಡನೆಯದು ಯಾರ ದಿನಚರಿಯಲ್ಲೂ ಇರಲಿಲ್ಲ.

ತೊಡಕು ಕಾಣಿಸಿಕೊಂಡದ್ದು ಹೊಸ ಗುರುತುಗಳು ಸೇರಿದಾಗ. 2007ರಲ್ಲಿ ವಿದ್ಯುನ್ಮಾನ ನಕ್ಷೆಯ ‘ಎಸ್-57’ ಮಾನದಂಡಕ್ಕೆ ಒಂದು ಪುರವಣಿ ಬಂತು. ದ್ವೀಪಸಮೂಹಗಳ ನಡುವಿನ ಹಡಗುದಾರಿ, ವಿಶೇಷ ರಕ್ಷಣೆ ಬೇಕಾದ ಸಾಗರ ಪ್ರದೇಶ ಮುಂತಾದವನ್ನು ತೋರಿಸಲು ಅದರಲ್ಲಿ ಅವಕಾಶವಿತ್ತು. ಹಳೆಯ ಸಾಫ್ಟ್‌ವೇರಿಗೆ ಇವು ಗುರುತೇ ಇಲ್ಲದ ಅಕ್ಷರಗಳು. ತನಗೆ ತಿಳಿಯದ ವಸ್ತು ಎದುರಾದರೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು ಎಂಬುದು ನಿಯಮ. ಅದಕ್ಕಿಂತ ಅಪಾಯಕಾರಿಯಾದ ಮಾತನ್ನು ಅಂತರರಾಷ್ಟ್ರೀಯ ಜಲನಕ್ಷೆ ಸಂಸ್ಥೆಯೇ ಹೇಳಿತು: ಅಂಶವೊಂದು ನಕ್ಷೆಯ ದತ್ತಾಂಶದಲ್ಲಿ ಇದ್ದರೂ ಹಳೆಯ ಪರದೆಯಲ್ಲಿ ಅದರ ಎಚ್ಚರಿಕೆ ಮೊಳಗದೇ ಹೋಗಬಹುದು. ಅಂದರೆ ಅಧಿಕಾರಿ ಆ ವಾರದ ತಿದ್ದುಪಡಿಯನ್ನು ಚಾಚೂತಪ್ಪದೆ ಹಾಕಿದ್ದಾನೆ, ದಾಖಲೆಯೂ ಸರಿಯಿದೆ, ಆದರೆ ಪರದೆ ಸುಮ್ಮನಿದೆ.

2011ರಲ್ಲಿ ಆ ಸಂಸ್ಥೆ ಒಂದು ಸರಳ ಉಪಾಯ ಮಾಡಿತು. ಕಾಲ್ಪನಿಕ ಕಡಲಿನ ಎರಡು ಪುಟ್ಟ ನಕ್ಷೆಗಳನ್ನು ಹಡಗುಗಳಿಗೆ ಕಳಿಸಿ, ಇವು ನಿಮ್ಮ ಪರದೆಯಲ್ಲಿ ಹೇಗೆ ಕಾಣುತ್ತವೆ ಹೇಳಿ ಎಂದಿತು. ಕಣ್ಣಿನ ಡಾಕ್ಟರು ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿದ ಹಾಗೆ. ಮುಳುಗಿದ ಹಡಗಿನ ಅವಶೇಷ, ನೀರೊಳಗಿನ ಅಡೆತಡೆ ಇವೇ ಸರಿಯಾಗಿ ಕಾಣದ ಯಂತ್ರಗಳು ಕೆಲವು ಸಿಕ್ಕಿದವು.

ಸಾಫ್ಟ್‌ವೇರನ್ನು ಹೊಸದಾಗಿ ಇಟ್ಟುಕೊಳ್ಳಿ ಎಂದು ಸಾಗರ ಸಂಸ್ಥೆ 2007ರಲ್ಲೇ ಸುತ್ತೋಲೆ ಹೊರಡಿಸಿತ್ತು. ಆದರೆ ಹಡಗಿನ ಆಯಸ್ಸು ಇಪ್ಪತ್ತೈದು ವರ್ಷ, ಕಂಪ್ಯೂಟರಿನದು ಅದರ ಅರ್ಧವೂ ಅಲ್ಲ. ಹಲವು ಪರದೆಗಳ ಒಳಗಿದ್ದದ್ದು ವಿಂಡೋಸ್ ಎಕ್ಸ್‌ಪಿ, ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರಲ್ಲಿ. ಹೊಸ ಸಾಫ್ಟ್‌ವೇರ್ ಹಳೆಯ ಯಂತ್ರದಲ್ಲಿ ಓಡದಿದ್ದರೆ ಯಂತ್ರವನ್ನೇ ಬದಲಿಸಬೇಕು. ಓಡಿದರೂ ಬಂದರಿನಲ್ಲಿ ನಿಲ್ಲುವ ಕೆಲವೇ ಗಂಟೆಗಳಲ್ಲಿ ತಂತ್ರಜ್ಞ ಹತ್ತಿ ಇಳಿಯಬೇಕು. ಮಾಲೀಕರು ಮುಂದೂಡಿದ್ದರಲ್ಲಿ ಆಶ್ಚರ್ಯವಿಲ್ಲ. ಕೊಂಡ ದಿನ ಪ್ರಮಾಣಪತ್ರ ಸಿಕ್ಕಿದ ವಸ್ತು ನಿಂತಲ್ಲೇ ಅನರ್ಹವಾಗುತ್ತದೆ ಎಂಬುದು ಹಡಗಿನ ಲೋಕಕ್ಕೆ ಹೊಸ ಮಾತು. ಲಂಗರು ಹಾಗೆ ಕೆಡುವುದಿಲ್ಲ.

ಕೊನೆಗೆ ಗಡುವೇ ಕೆಲಸ ಮಾಡಿತು. ಚಿತ್ರಣದ ನಿಯಮಗಳ ಹಳೆಯ ಆವೃತ್ತಿ 3.4ಕ್ಕೆ ಒಂದು ವರ್ಷದ ವಾಯಿದೆ ಸಿಕ್ಕಿ, 2017ರ ಆಗಸ್ಟ್ 31ಕ್ಕೆ ಅದು ಮುಗಿಯಿತು. ಆಮೇಲೆ ಆವೃತ್ತಿ 4.0 ಇಲ್ಲದ ಪರದೆಯನ್ನು ಕಾನೂನು ನಕ್ಷೆ ಎಂದು ಒಪ್ಪದಿರಬಹುದಿತ್ತು.

ಈಗ ಮುಂದಿನ ಲಿಪಿ ಬಂದಿದೆ. ‘ಎಸ್-100’ ಎಂಬ ಹೊಸ ಮಾನದಂಡದ ಎಕ್ಡಿಸ್‌ಗೆ 2026ರ ಜನವರಿಯಿಂದ ಅನುಮತಿಯಿದೆ. 2029ರ ಜನವರಿ 1ರಿಂದ ಹೊಸದಾಗಿ ಅಳವಡಿಸುವ ಪರದೆಗಳೆಲ್ಲ ಅದೇ ಆಗಿರಬೇಕು. ಅಲ್ಲಿಯವರೆಗೆ, ಅದರಾಚೆಗೂ, ಹಳೆಯ ಪರದೆಗಳು ಕಡಲಲ್ಲಿ ಇರುವಷ್ಟು ದಿನ ಜಲನಕ್ಷೆ ಕಚೇರಿಗಳು ಒಂದೇ ಬಂಡೆಯನ್ನು ಎರಡು ಲಿಪಿಗಳಲ್ಲಿ ಬರೆಯುತ್ತಿರಬೇಕು.