ಕಿರುಬೆಳ್ಳಿಯ ಕಥನ: ಪ್ಲಾಟಿನಮ್ ಚರಿತ್ರೆಯಲ್ಲಿ ಜನಪದ ಲೋಹವಿದ್ಯೆ

ಮೂಲಧಾತುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಶೋಧಕರ ಹೆಸರು ಮತ್ತು ಇಸವಿಗಳ ಪಟ್ಟಿಯಾಗಿ ಬರೆಯಲಾಗುತ್ತದೆ. ಲೋಹವನ್ನು ಮೊದಲು ಕೈಯಲ್ಲಿ ಹಿಡಿದವರು, ಹೆಸರಿಟ್ಟು ಕರೆದವರು, ಬೆಂಕಿಗೊಡ್ಡಿ ಬಾಗಿಸಿದವರು ಈ ಪಟ್ಟಿಯ ಹೊರಗೇ ಉಳಿಯುತ್ತಾರೆ. ಪ್ಲಾಟಿನಮ್ ಲೋಹದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಈ ಚರಿತ್ರೆಯನ್ನು ಜನಪದ ಜ್ಞಾನದ ನೆಲೆಯಿಂದ ಮರಳಿ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ಲಾಟಿನಮ್‌ನ ಪರಮಾಣು ಸಂಖ್ಯೆ 78. ಒಂದು ಘನ ಸೆಂಟಿಮೀಟರ್ ಪ್ಲಾಟಿನಮ್ ಸುಮಾರು 21.45 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಚಿನ್ನ 19.3 ಗ್ರಾಂ ತೂಗುತ್ತದೆ. ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪ್ಲಾಟಿನಮ್ ಕರಗಲು 1768 ಡಿಗ್ರಿ ಬೇಕು. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳು ಬೇರೆಬೇರೆಯಾಗಿ ಅದನ್ನು ಕರಗಿಸಲಾರವು; ಅವೆರಡರ ಮಿಶ್ರಣವಾದ ಆಕ್ವಾ ರೇಜಿಯಾ ಮಾತ್ರ ಕರಗಿಸಬಲ್ಲದು. ಹೆಚ್ಚಿನ ತೂಕ ಮತ್ತು ಕರಗದ ಹಠ ಎಂಬ ಈ ಎರಡು ಗುಣಗಳೇ ಅದರ ಸಾಮಾಜಿಕ ಚರಿತ್ರೆಯನ್ನು ರೂಪಿಸಿದವು ಎಂಬುದು ಗಮನಾರ್ಹ.

ಇಂದಿನ ಈಕ್ವೆಡಾರ್ ಮತ್ತು ಕೊಲಂಬಿಯಾಗಳ ಶಾಂತಸಾಗರ ತೀರದಲ್ಲಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಲಾ ತೊಲಿತಾ ಸಂಸ್ಕೃತಿಗೆ ಸೇರಿದ ಜನ ನೆಲೆಸಿದ್ದರು. ಅಲ್ಲಿನ ಹೊಳೆಗಳ ಮರಳಿನಲ್ಲಿ ಚಿನ್ನದ ಪುಡಿಯೊಂದಿಗೆ ಪ್ಲಾಟಿನಮ್ ಕಾಳುಗಳೂ ದೊರೆಯುತ್ತಿದ್ದವು. ಇದ್ದಿಲ ಬೆಂಕಿ ಮತ್ತು ಊದುಗೊಳವಿಯ ಶಾಖ ಆ ಕಾಳುಗಳನ್ನು ಕರಗಿಸಲು ಏನೇನೂ ಸಾಲದು. ಅಲ್ಲಿನ ಅಕ್ಕಸಾಲಿಗರು ಬೇರೊಂದು ದಾರಿ ಕಂಡುಕೊಂಡರು. ಪ್ಲಾಟಿನಮ್ ಕಾಳುಗಳಿಗೆ ಸ್ವಲ್ಪ ಚಿನ್ನದ ಪುಡಿ ಬೆರೆಸಿ ಕಾಯಿಸಿದರು. ಕರಗಿದ ಚಿನ್ನ ಕಾಳುಗಳ ನಡುವೆ ಹರಿದು ಅವುಗಳನ್ನು ಬೆಸೆಯಿತು. ಹೀಗೆ ಕೂಡಿದ ಮುದ್ದೆಯನ್ನು ಬಡಿಯುವುದು, ಮತ್ತೆ ಕಾಯಿಸುವುದು, ಮತ್ತೆ ಬಡಿಯುವುದು: ಈ ಕ್ರಮದಿಂದ ಬಿಳಿಯ ಮಿಶ್ರಲೋಹವೊಂದು ಸಿದ್ಧವಾಗುತ್ತಿತ್ತು. ಅದರಿಂದ ಮೂಗುತಿಯಂಥ ಆಭರಣಗಳನ್ನೂ ಸಣ್ಣ ಅಲಂಕಾರ ವಸ್ತುಗಳನ್ನೂ ಮಾಡಿದರು. ಡೆನ್ಮಾರ್ಕಿನ ವಿದ್ವಾಂಸ ಪಾಲ್ ಬೆರ್ಗ್ಸೋ ಈ ವಸ್ತುಗಳನ್ನು ಪರಿಶೀಲಿಸಿ 1937ರಲ್ಲಿ ಈ ತಂತ್ರವನ್ನು ವಿವರಿಸಿದ.

ಸ್ಪೇನಿನ ಆಳ್ವಿಕೆಯಲ್ಲಿ ಇದೇ ಲೋಹಕ್ಕೆ ಬೇರೆಯೇ ಅರ್ಥ ಬಂತು. ಕೊಲಂಬಿಯಾದ ಚೊಕೊ ಪ್ರದೇಶದಲ್ಲಿ ಆಫ್ರಿಕಾ ಮೂಲದ ಗುಲಾಮರು ಮರದ ಮರಿಗೆಗಳಲ್ಲಿ ಹೊಳೆಯ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ಮರಳು ತೊಳೆದುಹೋದಾಗ ಭಾರವಾದ ಪ್ಲಾಟಿನಮ್ ಚಿನ್ನದೊಂದಿಗೇ ತಳದಲ್ಲಿ ಉಳಿಯುತ್ತಿತ್ತು. ಅದನ್ನು ಕಾಳುಕಾಳಾಗಿ ಆರಿಸಬೇಕು, ಇಲ್ಲವೇ ಪಾದರಸ ಬಳಸಿ ಚಿನ್ನವನ್ನು ಬೇರ್ಪಡಿಸಬೇಕು. ಈ ಪೀಡೆಗೆ ಸ್ಪೇನಿನವರು ಇಟ್ಟ ಹೆಸರು ‘ಪ್ಲಾಟಿನಾ’. ಬೆಳ್ಳಿಗೆ ಅವರ ಭಾಷೆಯಲ್ಲಿ ‘ಪ್ಲಾಟಾ’. ಪ್ಲಾಟಿನಾ ಎಂದರೆ ಕಿರುಬೆಳ್ಳಿ. ಹೆಸರಿನಲ್ಲೇ ತಾತ್ಸಾರವಿದೆ.

ಇದು ಇನ್ನೂ ಮಾಗದ ಚಿನ್ನ, ಹೊಳೆಗೆ ಮರಳಿ ಹಾಕಿದರೆ ಮಾಗುತ್ತದೆ ಎಂದು ಅಲ್ಲಿನ ಜನ ನಂಬಿದ್ದರೆಂಬ ಮಾತು ಪ್ಲಾಟಿನಮ್ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಮೂಢನಂಬಿಕೆಯೆಂದು ನಕ್ಕು ಬಿಡುವುದು ಸುಲಭ. ಆದರೆ ಭೂಗರ್ಭದಲ್ಲಿ ಲೋಹಗಳು ಬೆಳೆದು ಕ್ರಮೇಣ ಚಿನ್ನವಾಗಿ ಮಾಗುತ್ತವೆ ಎಂಬುದು ಯುರೋಪಿನ ರಸವಾದಿಗಳ ಸಿದ್ಧಾಂತವೂ ಆಗಿತ್ತು. ಒಂದೇ ಭಾವನೆ ಪಂಡಿತನ ಗ್ರಂಥದಲ್ಲಿದ್ದರೆ ಸಿದ್ಧಾಂತವೆಂದೂ, ಮರಳು ಜಾಲಿಸುವವನ ಬಾಯಲ್ಲಿದ್ದರೆ ಮೌಢ್ಯವೆಂದೂ ಕರೆಸಿಕೊಳ್ಳುವುದನ್ನು ಜಾನಪದ ಅಧ್ಯಯನ ಪ್ರಶ್ನಿಸಬೇಕಾಗುತ್ತದೆ. ಮೇಲಾಗಿ, ಪ್ಲಾಟಿನಮ್ಮನ್ನು ಹೊಳೆಗೆ ಹಾಕಿದವರು ಜನರಷ್ಟೇ ಅಲ್ಲ. ಚಿನ್ನಕ್ಕಿಂತ ಭಾರವಾದ ಈ ಲೋಹವನ್ನು ಚಿನ್ನಕ್ಕೆ ಬೆರೆಸಿದರೆ ತೂಕದಿಂದ ಮೋಸ ಹಿಡಿಯುವುದು ಕಷ್ಟ. ಆ ಭಯದಿಂದ ಸ್ಪೇನಿನ ಅಧಿಕಾರಿಗಳೇ ಅದನ್ನು ನದಿಗೆ ಸುರಿಸಿದರು.

ಶಿಷ್ಟ ಚರಿತ್ರೆಯ ಪುಟಗಳು ಇದರ ನಂತರ ತೆರೆದುಕೊಳ್ಳುತ್ತವೆ. 1735ರಲ್ಲಿ ಭೂಮಾಪನ ತಂಡದೊಂದಿಗೆ ದಕ್ಷಿಣ ಅಮೆರಿಕಕ್ಕೆ ಹೊರಟ ಆಂಟೋನಿಯೊ ದೆ ಉಲ್ಲೋವ 1748ರಲ್ಲಿ ಪ್ರಕಟವಾದ ತನ್ನ ವೃತ್ತಾಂತದಲ್ಲಿ ಪ್ಲಾಟಿನಾವನ್ನು ಉಲ್ಲೇಖಿಸಿದ. ಚಾರ್ಲ್ಸ್ ವುಡ್ ಜಮೈಕಾದಲ್ಲಿ ಸಂಗ್ರಹಿಸಿದ್ದ ಮಾದರಿಗಳ ವಿವರ 1750ರಲ್ಲಿ ವಿಲಿಯಂ ಬ್ರೌನ್‌ರಿಗ್ ಮೂಲಕ ಲಂಡನ್ನಿನ ರಾಯಲ್ ಸೊಸೈಟಿಯನ್ನು ತಲುಪಿತು. 1786ರಲ್ಲಿ ಸ್ಪೇನಿನಲ್ಲಿ ಶಾಬನೋ ಬಡಿದು ಬಾಗಿಸಬಹುದಾದ ಪ್ಲಾಟಿನಮ್ ತಯಾರಿಸಿದ. ಹೊಳೆಗೆ ಸುರಿದ ರಾಜ್ಯವೇ ಈಗ ಅದನ್ನು ಸಂಗ್ರಹಿಸಿ ತರಿಸಿಕೊಳ್ಳತೊಡಗಿತು. ಇಂಗ್ಲೆಂಡಿನ ವೊಲ್ಲಸ್ಟನ್ ಹಲವು ವರ್ಷ ಗುಟ್ಟಾಗಿಟ್ಟಿದ್ದ ವಿಧಾನವನ್ನು 1828ರಲ್ಲಿ, ತನ್ನ ಕೊನೆಗಾಲದಲ್ಲಿ, ಬಹಿರಂಗಪಡಿಸಿದ. ಶುದ್ಧೀಕರಿಸಿದ ಪ್ಲಾಟಿನಮ್ ಪುಡಿಯನ್ನು ಒತ್ತಿ, ಕಾಯಿಸಿ, ಬಡಿದು ಗಟ್ಟಿಗೊಳಿಸುವುದೇ ಆ ವಿಧಾನ. ಲಾ ತೊಲಿತಾದವರು ಚಿನ್ನದ ಬೆಸುಗೆ ಬಳಸಿದರು, ಈತ ಬಳಸಲಿಲ್ಲ. ಆದರೆ ಕರಗದ ಲೋಹವನ್ನು ಪೂರ್ತಿ ಕರಗಿಸದೆಯೇ ಕೂಡಿಸುವ ಮೂಲ ಉಪಾಯ ಎರಡರಲ್ಲೂ ಒಂದೇ. 1850ರ ದಶಕದಲ್ಲಿ ಡೆವಿಲ್ ಮತ್ತು ಡೆಬ್ರೆ ಅವರ ಕುಲುಮೆ ಬಂದ ಮೇಲಷ್ಟೇ ಪ್ಲಾಟಿನಮ್ಮನ್ನು ದೊಡ್ಡ ಪ್ರಮಾಣದಲ್ಲಿ ಕರಗಿಸುವುದು ಸಾಧ್ಯವಾಯಿತು.

ಮುಂದೆ ಈ ಲೋಹದ ಸ್ಥಾನ ಏರುತ್ತಲೇ ಹೋಯಿತು. ಶೇ. 90 ಪ್ಲಾಟಿನಮ್ ಮತ್ತು ಶೇ. 10 ಇರಿಡಿಯಮ್ ಬೆರೆತ ದುಂಡುಗಟ್ಟಿಯೊಂದು 1889ರಿಂದ 2019ರವರೆಗೆ ಜಗತ್ತಿನ ಕಿಲೋಗ್ರಾಂ ಮಾನದಂಡವಾಗಿತ್ತು. ತೂಕದ ಮೋಸಕ್ಕೆ ಹೆದರಿ ಹೊಳೆಗೆ ಚೆಲ್ಲಿದ ಲೋಹವೇ ತೂಕದ ಪ್ರಮಾಣವಾಯಿತು. ವಾಹನಗಳ ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ವೇಗವರ್ಧಕಗಳಲ್ಲಿ, 1978ರಲ್ಲಿ ಅಮೆರಿಕದ ಅನುಮತಿ ಪಡೆದ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧದಲ್ಲಿ ಅದು ಇಂದು ಬಳಕೆಯಲ್ಲಿದೆ.

ಹಾಗಾದರೆ ಪ್ಲಾಟಿನಮ್ಮನ್ನು ಕಂಡುಹಿಡಿದವರು ಯಾರು? ಲೋಹವೊಂದನ್ನು ಮೂಲಧಾತುವೆಂದು ಗುರುತಿಸಿ, ಅದರ ಗುಣಗಳನ್ನು ಅಳೆದು, ಎಲ್ಲರಿಗೂ ದೊರೆಯುವಂತೆ ದಾಖಲಿಸಿದ ಶ್ರೇಯಸ್ಸು ಯುರೋಪಿನ ರಸಾಯನಜ್ಞರದು; ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದರ ಗುಣವರಿತು ಮಣಿಸಿದ ಲಾ ತೊಲಿತಾದ ಕೈಗಳಿಗೆ ಲಿಪಿಯಿರಲಿಲ್ಲ. ಚೊಕೊದಲ್ಲಿ ಅದನ್ನು ಕಾಳುಕಾಳಾಗಿ ಆರಿಸಿದ ಕೈಗಳಿಗೆ ಸ್ವಾತಂತ್ರ್ಯವಿರಲಿಲ್ಲ. ಬರಹವನ್ನಷ್ಟೇ ಆಕರವೆಂದು ಒಪ್ಪುವ ಚರಿತ್ರೆಗೆ ಇವರಿಬ್ಬರೂ ಕಾಣುವುದಿಲ್ಲ. ಆಭರಣ, ಉಪಕರಣ, ಹೆಸರು, ನಂಬಿಕೆಗಳನ್ನೂ ಆಕರಗಳೆಂದು ಓದಿದಾಗ ಮಾತ್ರ ವಿಜ್ಞಾನದ ಚರಿತ್ರೆ ಪೂರ್ಣಗೊಳ್ಳುವ ದಿಕ್ಕಿನಲ್ಲಿ ಸಾಗೀತು.